ಊರಿಗೆ ಹತ್ತು ಬಸಪ್ಪ, ಕ್ಲಾಸಿಗೆ ಮೂರು ಅನನ್ಯಾ

ದೋಹಾದ ವೆಸ್ಟ್ ಬೇಯಿಂದ ಮಾತನಾಡುತ್ತಿದ್ದೇನೆ. ಇವತ್ತಿನ ವಿಷಯ ಹೆಸರು. ನಿಮ್ಮ ಹೆಸರು, ನಿಮ್ಮ ಅಪ್ಪ ಅಮ್ಮನ ಹೆಸರು, ಅಜ್ಜ ಅಜ್ಜಿಯ ಹೆಸರು, ಗೊತ್ತಿದ್ದರೆ ಮುತ್ತಜ್ಜ ಮುತ್ತಜ್ಜಿಯ ಹೆಸರು. ಇವನ್ನೆಲ್ಲ ಒಂದರ ಕೆಳಗೊಂದು ಬರೆದು ನೋಡಿ. ಎಲ್ಲ ಒಂದೇ ಮನೆಯವರ ಹೆಸರು ಅಂದರೆ ಹೊರಗಿನವರು ನಂಬುವುದು ಕಷ್ಟ.

ನಮ್ಮ ಶುಕ್ರವಾರದ ಕನ್ನಡ ತರಗತಿಯಲ್ಲಿ ಮಕ್ಕಳಿಗೆ ಇದೇ ಕೆಲಸ ಕೊಟ್ಟಿದ್ದೆ. ನಾಲ್ಕು ತಲೆಮಾರು, ನಾಲ್ಕು ಸಾಲು. ಮಕ್ಕಳ ಸಾಲಿನಲ್ಲಿ ಆರವ್, ಅದ್ವಿಕ್, ಅನನ್ಯಾ, ವಿಹಾನ್ ಇಂಥ ಹೆಸರುಗಳು ಬಂದವು. ಅಪ್ಪ ಅಮ್ಮಂದಿರ ಸಾಲಿನಲ್ಲಿ ಮಂಜುನಾಥ್, ಸಂತೋಷ್, ಸುಮಾ, ಅಶ್ವಿನಿ. ಅಜ್ಜ ಅಜ್ಜಿಯರ ಸಾಲಿನಲ್ಲಿ ನಾಗರಾಜ, ಚಂದ್ರಶೇಖರ, ಜಯಮ್ಮ, ಸರೋಜಾ. ಅದಕ್ಕೂ ಹಿಂದೆ ಹೋದರೆ ಬಸಪ್ಪ, ನಂಜೇಗೌಡ, ತಿಮ್ಮಕ್ಕ, ನಿಂಗವ್ವ. ಆಗ ಒಬ್ಬಳು ಹುಡುಗಿ ಕೇಳಿದಳು: "ಆಂಟಿ, ಊರಲ್ಲಿ ಅಷ್ಟೊಂದು ಜನ ಬಸಪ್ಪ ಅಂತಲೇ ಇದ್ರೆ ಯಾರನ್ನ ಕರೀತಿದಾರೆ ಅಂತ ಹೇಗೆ ಗೊತ್ತಾಗ್ತಿತ್ತು?" ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತಾ ಹೋದರೆ ಒಂದು ಕಾಲದಲ್ಲಿ ಹೆಸರು ಎಲ್ಲರದ್ದೂ ಒಂದೇ ಆಗಿದ್ದದ್ದು ಯಾಕೆ, ಈಗ ಯಾರದ್ದೂ ಇಲ್ಲದ ಹೆಸರು ಬೇಕು ಅನ್ನಿಸುವುದು ಯಾಕೆ, ಎರಡೂ ಅರ್ಥವಾಗುತ್ತವೆ.

ಮೊದಲು ಸ್ವಲ್ಪ ಲೆಕ್ಕ. ಹೆಸರುಗಳನ್ನು ಎಣಿಸುವ ಕೆಲಸವನ್ನು ಅಮೆರಿಕದವರು ಅಚ್ಚುಕಟ್ಟಾಗಿ ಮಾಡಿದ್ದಾರೆ. ಅಲ್ಲಿನ ಸೋಷಿಯಲ್ ಸೆಕ್ಯುರಿಟಿ ಇಲಾಖೆ 1880ರಿಂದ ಹುಟ್ಟಿದ ಮಕ್ಕಳ ಹೆಸರುಗಳ ಪಟ್ಟಿಯನ್ನು ಪ್ರಕಟಿಸಿದೆ. 1880ರಲ್ಲಿ ನೂರು ಗಂಡುಮಕ್ಕಳಲ್ಲಿ ಸುಮಾರು ಎಂಟು ಜನ ಜಾನ್. ಈಚಿನ ವರ್ಷಗಳಲ್ಲಿ ಮೊದಲ ಸ್ಥಾನದಲ್ಲಿರುವ ಲಿಯಾಮ್ ಎಂಬ ಹೆಸರು ನೂರರಲ್ಲಿ ಸುಮಾರು ಒಬ್ಬನಿಗೆ ಮಾತ್ರ. ನಡುವೆ ಅಲೆಗಳೂ ಬಂದುಹೋಗಿವೆ. 1970ರಿಂದ 1984ರವರೆಗೆ ಹದಿನೈದು ವರ್ಷ ಹೆಣ್ಣುಮಕ್ಕಳಲ್ಲಿ ಜೆನಿಫರ್ ಎಂಬ ಹೆಸರೇ ಮೊದಲು. ಹಾಗಾಗಿ ಅಲ್ಲಿ ಜೆನಿಫರ್ ಅಂದರೆ ಸಾಕು, ವಯಸ್ಸು ಅಂದಾಜಾಗುತ್ತದೆ. ನಮ್ಮಲ್ಲೂ ಸರೋಜಾ ಅಂದರೆ ಅಜ್ಜಿ, ಅಶ್ವಿನಿ ಅಂದರೆ ಆಂಟಿ ಅಂತ ನೀವು ನೋಡದೆಯೇ ಹೇಳಿಬಿಡುತ್ತೀರಿ.

ಈಗ ನಮ್ಮ ಊರಿಗೆ ಬರೋಣ. ಹಿಂದೆ ನಮ್ಮ ಹಳ್ಳಿಗಳಲ್ಲಿ ಹೆಸರನ್ನು ಆರಿಸುವುದು ಅಂತ ಹೆಚ್ಚೇನೂ ಇರಲಿಲ್ಲ. ಮಗುವಿಗಿಂತ ಮೊದಲೇ ಹೆಸರು ಮನೆಯಲ್ಲಿ ಕಾಯುತ್ತಿರುತ್ತಿತ್ತು. ಅದು ಬರುವ ದೊಡ್ಡ ದಾರಿ ಮನೆದೇವರು. ನಂಜನಗೂಡಿನ ಸುತ್ತ ನಂಜುಂಡಪ್ಪ, ನಂಜಮ್ಮ. ಮಲೆ ಮಹದೇಶ್ವರ ಬೆಟ್ಟದ ಒಕ್ಕಲಿನಲ್ಲಿ ಮಾದಪ್ಪ, ಮಾದೇಶ. ಮೇಲುಕೋಟೆಯ ಕಡೆ ಚೆಲುವರಾಯ, ಚೆಲುವಮ್ಮ. ಸವದತ್ತಿಯ ಯಲ್ಲಮ್ಮನಿಂದ ಯಲ್ಲಪ್ಪ, ಯಲ್ಲವ್ವ. ಹಂಪಿಯ ಸುತ್ತ ವಿರೂಪಾಕ್ಷ, ಪಂಪಾಪತಿ. ಕೊಪ್ಪಳದಲ್ಲಿ ಗವಿಸಿದ್ದಪ್ಪ, ಕಲಬುರಗಿಯಲ್ಲಿ ಶರಣಬಸಪ್ಪ. ಧರ್ಮಸ್ಥಳದ ಮಂಜುನಾಥ ಮಾತ್ರ ಕರಾವಳಿಯಿಂದ ಘಟ್ಟ ಹತ್ತಿ ಇಡೀ ರಾಜ್ಯಕ್ಕೆ ಹರಡಿಕೊಂಡ. ನಿಮ್ಮ ಮುತ್ತಜ್ಜನ ಹೆಸರು ಗೊತ್ತಾದರೆ ನಿಮ್ಮ ಮೂಲ ಊರು ಯಾವ ದೇವಸ್ಥಾನದ ಸುತ್ತಮುತ್ತ ಇತ್ತು ಅಂತ ಹಲವು ಸಲ ಊಹಿಸಬಹುದು. ದೇವರ ಹೆಸರು ಎಷ್ಟು ಮನೆಯಲ್ಲಿದ್ದರೂ ಹೆಚ್ಚಾಯಿತು ಅಂತ ಯಾರಿಗೂ ಅನ್ನಿಸುತ್ತಿರಲಿಲ್ಲ. ಕರೆದಾಗೆಲ್ಲ ದೇವರ ಸ್ಮರಣೆಯಾಗುತ್ತದೆ ಅನ್ನುವುದೇ ಹೆಸರಿಡುವ ಉದ್ದೇಶವಾಗಿತ್ತು.

ಹಾಗಾದರೆ ಹತ್ತು ಬಸಪ್ಪಂದಿರನ್ನು ಬೇರೆ ಬೇರೆಯಾಗಿ ಗುರುತಿಸುವುದು ಹೇಗೆ? ಹೆಸರಿನ ಮುಂದೆಯೋ ಹಿಂದೆಯೋ ಇನ್ನೊಂದು ಪದ ಹಚ್ಚಿ. ದೊಡ್ಡ ಬಸಪ್ಪ, ಸಣ್ಣ ಬಸಪ್ಪ, ಕೆರೆಕೋಡಿ ಬಸಪ್ಪ, ಮೂಲೆಮನೆ ಬಸಪ್ಪ. ಉತ್ತರ ಕರ್ನಾಟಕದಲ್ಲಿ ಇದು ಅಡ್ಡಹೆಸರಾಗಿ ಗಟ್ಟಿಯಾಯಿತು. ಕೆಲಸದಿಂದ ಬಡಿಗೇರ, ಕಂಬಾರ, ಪಾಟೀಲ, ಕುಲಕರ್ಣಿ, ವ್ಯಾಪಾರದಿಂದ ಅಂಗಡಿ, ಅಡುಗೆಮನೆಯಿಂದ ಎದ್ದುಬಂದ ಹಾಗೆ ಮೆಣಸಿನಕಾಯಿ, ಉಳ್ಳಾಗಡ್ಡಿ. ನಗಬೇಡಿ, ಉಳ್ಳಾಗಡ್ಡಿ ಅಂದರೆ ಈರುಳ್ಳಿ, ಅದು ಗೌರವದ ಮನೆತನದ ಹೆಸರು. ಅಂದರೆ ನಮ್ಮ ಹಿರಿಯರ ಪದ್ಧತಿಯಲ್ಲಿ ಹೆಸರಿನ ಕೆಲಸ ಒಂದು, ಗುರುತಿನ ಕೆಲಸ ಇನ್ನೊಂದು. ಮೊದಲನೆಯದನ್ನು ದೇವರು ಮತ್ತು ಹಿರಿಯರು ಕೊಡುತ್ತಿದ್ದರು, ಎರಡನೆಯದನ್ನು ಊರು ಕೊಡುತ್ತಿತ್ತು, ಅಥವಾ ನಾವೇ ಗಳಿಸುತ್ತಿದ್ದೆವು. ಮಾಗಡಿ ಕಡೆ ತಿಮ್ಮಕ್ಕ ಅನ್ನುವ ಹೆಸರು ಏನೂ ಅಪರೂಪವಲ್ಲ. ಆದರೆ ಹುಲಿಕಲ್ಲು ಮತ್ತು ಕುದೂರಿನ ನಡುವೆ ರಸ್ತೆ ಬದಿಯಲ್ಲಿ ಆಲದ ಸಸಿ ನೆಟ್ಟು, ನೀರು ಹೊತ್ತು ಬೆಳೆಸಿ, 2019ರಲ್ಲಿ ಪದ್ಮಶ್ರೀ ಪಡೆದ ಸಾಲುಮರದ ತಿಮ್ಮಕ್ಕ ಒಬ್ಬರೇ.

ತಿಮ್ಮಕ್ಕ ಅನ್ನುವ ಪದವನ್ನು ಬಿಡಿಸಿ ನೋಡಿ. ತಿಮ್ಮ ಮತ್ತು ಅಕ್ಕ. ಬಸವಣ್ಣ ಅಂದರೆ ಬಸವ ಮತ್ತು ಅಣ್ಣ. ನಿಂಗವ್ವ, ಬಸಪ್ಪ, ಮಾರಯ್ಯ, ನಂಜಮ್ಮ, ಎಲ್ಲದರ ಕೊನೆಯಲ್ಲೂ ಒಂದು ನಂಟು ಇದೆ. ಅವ್ವ, ಅಪ್ಪ, ಅಯ್ಯ, ಅಮ್ಮ. ಇದು ತುಂಬ ಹಳೆಯ ಅಭ್ಯಾಸ. ಹತ್ತನೆಯ ಶತಮಾನದ ಕವಿ ಪಂಪನ ತಾಯಿ ಅಬ್ಬಣಬ್ಬೆ. ರನ್ನ ಕವಿಗೆ ಆಶ್ರಯ ಕೊಟ್ಟವಳು ಅತ್ತಿಮಬ್ಬೆ. ಅಬ್ಬೆ ಅಂದರೆ ತಾಯಿ. ಹನ್ನೆರಡನೆಯ ಶತಮಾನದ ಶರಣರಲ್ಲಿ ಆಯ್ದಕ್ಕಿ ಲಕ್ಕಮ್ಮ, ಮೋಳಿಗೆ ಮಾರಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ. ಇಲ್ಲೂ ನೋಡಿ, ಮುಂದೆ ಕಾಯಕದ ಗುರುತು, ಹಿಂದೆ ಅಯ್ಯ ಅಥವಾ ಅಮ್ಮ. ನಿನ್ನೆ ಹುಟ್ಟಿದ ಕೂಸನ್ನೂ ಬಸವಣ್ಣ ಅಂತ ಅಣ್ಣನನ್ನಾಗಿ ಮಾಡಿ ಕರೆಯುವ ಭಾಷೆ ನಮ್ಮದು. ಮೆಚ್ಚಿದವರ ಹೆಸರನ್ನು ಮಕ್ಕಳಿಗೆ ಇಡುವುದೂ ಹೊಸತಲ್ಲ. ತನ್ನನ್ನು ಪೋಷಿಸಿದ ಚಾವುಂಡರಾಯ ಮತ್ತು ಅತ್ತಿಮಬ್ಬೆಯ ನೆನಪಿಗೆ ರನ್ನ ತನ್ನ ಮಗನಿಗೆ ರಾಯ ಎಂದೂ ಮಗಳಿಗೆ ಅತ್ತಿಮಬ್ಬೆ ಎಂದೂ ಹೆಸರಿಟ್ಟ. ಸಾವಿರ ವರ್ಷದ ಹಿಂದಿನ ಅಭಿಮಾನಿ ಅನ್ನಿ.

ಹೆಸರು ಬರುವ ಎರಡನೆಯ ದಾರಿ ಅಜ್ಜ ಅಜ್ಜಿ. ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರು ಇಡುವುದು ಬಹಳ ಮನೆಗಳ ಕ್ರಮ. ಇದರಿಂದ ಒಂದೇ ಹೆಸರು ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ತಿರುಗಿ ಬರುತ್ತಿತ್ತು. ಆದರೆ ಒಂದು ತೊಡಕು. ಸೊಸೆಯಾದವಳು ಮಾವನ ಹೆಸರನ್ನು ಬಾಯಲ್ಲಿ ಹೇಳುವಂತಿರಲಿಲ್ಲ. ಗಂಡನ ಹೆಸರನ್ನೂ ಅಷ್ಟೆ. ಶುಭಕಾರ್ಯದಲ್ಲಿ ಎಲ್ಲರೂ ಒತ್ತಾಯಿಸಿದರೆ ಒಡಪು ಕಟ್ಟಿ, ಪದ್ಯದೊಳಗೆ ಅಡಗಿಸಿ ಹೇಳಬೇಕಿತ್ತು. ಹಾಗಿದ್ದಮೇಲೆ ಮಾವನ ಹೆಸರಿನ ಮಗನನ್ನು ಅವಳು ಕರೆಯುವುದು ಹೇಗೆ? ಪುಟ್ಟಾ, ಅಪ್ಪೂ, ತಮ್ಮಯ್ಯಾ ಅಂತ. ಎಷ್ಟೋ ಸಲ ಶಾಲೆಗೆ ಸೇರಿಸುವಾಗ ಮೇಷ್ಟ್ರು ಆ ಮುದ್ದಿನ ಹೆಸರನ್ನೇ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಿದ್ದರು. ಪುಟ್ಟಯ್ಯ, ಪಾಪಣ್ಣ, ಚಿಕ್ಕಮ್ಮ, ಪುಟ್ಟಪ್ಪ ಇವೆಲ್ಲ ತೊಟ್ಟಿಲಿನ ಮಾತಿನ ಹೆಸರುಗಳು.

ಪುಟ್ಟಪ್ಪ ಅಂದ ಕೂಡಲೆ ನೆನಪಾಗುವವರು ಕುವೆಂಪು. ಇವರ ಮನೆಯನ್ನು ನೋಡಿದರೆ ಕನ್ನಡದ ಹೆಸರುಗಳು ಹೇಗೆ ಬದಲಾದವು ಅನ್ನುವುದು ಒಂದೇ ಕಡೆ ಸಿಗುತ್ತದೆ. ತಂದೆ ವೆಂಕಟಪ್ಪ, ದೇವರ ಹೆಸರು. 1904ರಲ್ಲಿ ಹುಟ್ಟಿದ ಮಗ ಪುಟ್ಟಪ್ಪ, ಮನೆಯ ಮುದ್ದಿನ ಹೆಸರು. ಇವೆರಡೂ ಮಲೆನಾಡಿನಲ್ಲಿ ಯಾರ ಮನೆಯಲ್ಲಾದರೂ ಇರಬಹುದಾದ ಹೆಸರುಗಳು. ಆದರೆ ಆ ಪುಟ್ಟಪ್ಪ ತಮ್ಮ ಮಕ್ಕಳಿಗೆ ಇಟ್ಟ ಹೆಸರುಗಳು ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ತೇಜಸ್ವಿ ಹುಟ್ಟಿದ್ದು 1938ರಲ್ಲಿ. ಆಗ ಹಳ್ಳಿಯ ಶಾಲೆಯ ಹಾಜರಿ ಪುಸ್ತಕದಲ್ಲಿ ಇಂಥ ಹೆಸರು ಎಷ್ಟು ವಿಚಿತ್ರವಾಗಿ ಕೇಳಿಸಿರಬೇಡ! ಹೆಸರು ಬರುವ ದಾರಿ ಇಲ್ಲಿ ತಿರುಗಿತು. ದೇವರು, ಅಜ್ಜ ಬಿಟ್ಟು ಕವಿತೆ, ಪ್ರಕೃತಿ, ಅಪ್ಪ ಅಮ್ಮನ ರುಚಿ ಬಂದವು. ಮುಂದೇನಾಯಿತು ನೋಡಿ. ತೇಜಸ್ವಿ, ಚೈತ್ರ ಇವತ್ತು ಅಪರೂಪದ ಹೆಸರುಗಳೇ ಅಲ್ಲ. ಚೈತ್ರ ಅಲ್ಲಿ ಹುಡುಗನ ಹೆಸರು. ಮುಂದೆ ಹುಡುಗಿಯರ ಹೆಸರಾಗಿ ಮನೆಮನೆಗೂ ಬಂತು. ಒಂದು ತಲೆಮಾರಿನ ವಿಶೇಷ ಮುಂದಿನ ತಲೆಮಾರಿನಲ್ಲಿ ಸಾಮಾನ್ಯವಾಗುತ್ತದೆ.

ಹೆಸರು ಹೊಸದಾದರೂ ಹಳೆಯದು ಪೂರ್ತಿ ಹೋಗಲಿಲ್ಲ. ಅದು ಇನಿಷಿಯಲ್ಲಿನಲ್ಲಿ ಉಳಿಯಿತು. ಕೆ.ವಿ. ಪುಟ್ಟಪ್ಪ ಅಂದರೆ ಕುಪ್ಪಳಿ ಊರಿನ ವೆಂಕಟಪ್ಪನವರ ಮಗ ಪುಟ್ಟಪ್ಪ. ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಅಂದರೆ ಕುಪ್ಪಳಿಯ ಪುಟ್ಟಪ್ಪನವರ ಮಗ. ಇವತ್ತಿನ ಕ್ರಿಕೆಟಿಗ ಕೆ.ಎಲ್. ರಾಹುಲ್ ಹೆಸರಿನಲ್ಲೂ ಅದೇ ಲೆಕ್ಕ: ಕೆ ಊರು, ಎಲ್ ತಂದೆ ಲೋಕೇಶ್. ಕತಾರಿನಲ್ಲಿ ಬೆಳೆದ ನಿಮಗೆ ಇದು ಬಹಳ ಸುಲಭವಾಗಿ ಅರ್ಥವಾಗಬೇಕು. ಇಲ್ಲಿನ ಅಮೀರರ ಹೆಸರು ತಮೀಮ್ ಬಿನ್ ಹಮದ್ ಬಿನ್ ಖಲೀಫಾ ಅಲ್ ಥಾನಿ. ಹಮದ್ ಅವರ ಮಗ, ಖಲೀಫಾ ಅವರ ಮೊಮ್ಮಗ, ಥಾನಿ ಮನೆತನದ ತಮೀಮ್. ನಾವು ಎರಡು ಅಕ್ಷರದಲ್ಲಿ ಮಡಚಿ ಇಟ್ಟದ್ದನ್ನು ಅರಬ್ಬರು ಬಿಡಿಸಿ ಪೂರ್ತಿ ಹೇಳುತ್ತಾರೆ. ಅಜ್ಜನ ಹೆಸರು ತಿರುಗಿ ಬರುವುದೂ ಇಲ್ಲಿದೆ. ಖಲೀಫಾ ಅವರ ತಂದೆ ಹಮದ್, ಮಗನೂ ಹಮದ್. ಈಗಿನ ಅಮೀರರ ಒಬ್ಬ ಮಗನ ಹೆಸರೂ ಹಮದ್. ಬಸಪ್ಪನ ಮೊಮ್ಮಗ ಬಸಪ್ಪನಾದ ಹಾಗೆಯೇ.

ತೊಂದರೆ ಶುರುವಾಗುವುದು ಪಾಸ್‌ಪೋರ್ಟಿನಲ್ಲಿ. ಅದರಲ್ಲಿ ಸರ್‌ನೇಮ್ ಅಂತ ಒಂದು ಖಾನೆ. ನಮ್ಮಲ್ಲಿ ಅನೇಕರಿಗೆ ಅದು ಇಲ್ಲ. ಹಾಗಾಗಿ ಕೆಲವರು ಊರನ್ನು ತುಂಬಿದರು, ಕೆಲವರು ಅಪ್ಪನ ಹೆಸರನ್ನು. ಆಸ್ಪತ್ರೆಯಲ್ಲೋ ಬ್ಯಾಂಕಿನಲ್ಲೋ ಊರಿನ ಹೆಸರು ಕೂಗಿದರೆ ನಮ್ಮವರೊಬ್ಬರು ಎದ್ದು ಹೋಗುತ್ತಾರೆ. ನಿಮ್ಮಲ್ಲಿ ಹಲವರ ಹೆಸರಿನಲ್ಲಿ ಮೊದಲ ಪದ ಈ ಕಾಲದ್ದು, ಕೊನೆಯ ಪದ ಅಪ್ಪನ ಕಾಲದ್ದು ಅಥವಾ ಅಜ್ಜನ ಕಾಲದ್ದು. ನಿಮ್ಮ ಹೆಸರಿನ ಆ ಕೊನೆಯ ಪದವನ್ನು ಕೇವಲ ಫಾರಂ ತುಂಬುವ ಪದ ಅಂದುಕೊಳ್ಳಬೇಡಿ. ಅದು ಒಬ್ಬ ಮನುಷ್ಯನ ಹೆಸರು ಅಥವಾ ಒಂದು ಊರು.

ಮೂರನೆಯ ದಾರಿ ಮಗು ಹುಟ್ಟಿದ ಸಂದರ್ಭ. ಇಲ್ಲಿ ಸ್ವಲ್ಪ ಕಷ್ಟದ ಮಾತೂ ಇದೆ. ಮಕ್ಕಳು ಹುಟ್ಟಿ ಹುಟ್ಟಿ ತೀರಿಹೋಗುತ್ತಿದ್ದ ಕಾಲದಲ್ಲಿ, ಕೆಟ್ಟ ಕಣ್ಣು ಬೀಳದಿರಲಿ ಅಂತ ಬೇಕೆಂದೇ ಬೇಡದ ಹೆಸರು ಇಡುತ್ತಿದ್ದರು. ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ಬಂದು ತಿಪ್ಪ, ತಿಪ್ಪಮ್ಮ ಅನ್ನುತ್ತಿದ್ದರು. ಹುಚ್ಚಪ್ಪ, ಗುಂಡಪ್ಪ, ಕಲ್ಲಪ್ಪ ಇವುಗಳಲ್ಲೂ ಕೆಲವು ಹೀಗೆ ಬಂದವು. ತಿಪ್ಪೇಸ್ವಾಮಿ ಅನ್ನುವ ಹೆಸರಿಗೆ ಚಿತ್ರದುರ್ಗ ಕಡೆ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯೂ ಕಾರಣ, ಅದು ಬೇರೆ ಮಾತು. ಈ ಹೆಸರುಗಳನ್ನು ಕೇಳಿ ನಕ್ಕಾಗ ನೆನಪಿರಲಿ, ಅವುಗಳ ಹಿಂದೆ ಮಗು ಉಳಿದರೆ ಸಾಕು ಅಂತ ಕೈಮುಗಿದ ಒಬ್ಬ ತಾಯಿ ಇದ್ದಾಳೆ.

ತುಳುನಾಡಿನಲ್ಲಿ ವಾರದ ಹೆಸರು. ಭಾನುವಾರ ಹುಟ್ಟಿದವನು ಐತ, ಮಂಗಳವಾರ ಅಂಗಾರ, ಗುರುವಾರ ಗುರುವ, ಶುಕ್ರವಾರ ತುಕ್ರ, ಶನಿವಾರ ತನಿಯ ಅಥವಾ ಚನಿಯ. ಶಿವರಾಮ ಕಾರಂತರ 'ಚೋಮನ ದುಡಿ' ಕಾದಂಬರಿ 1933ರದು. ಅದರಲ್ಲಿ ಭೂಮಿಯೇ ಇಲ್ಲದ ಚೋಮ ಅಂದರೆ ಸೋಮ. ಅವನ ಮಕ್ಕಳಲ್ಲಿ ಚನಿಯ, ಗುರುವ ಇದ್ದಾರೆ. ಅಪ್ಪ ಇಲ್ಲ, ಅಯ್ಯ ಇಲ್ಲ, ಬರೀ ವಾರ. ಹೆಸರಿನ ಕೊನೆಗೆ ಅಪ್ಪ, ಅಯ್ಯ ಅನ್ನುವ ಮರ್ಯಾದೆ ಎಲ್ಲ ಜಾತಿಯವರಿಗೂ ಸಿಗುತ್ತಿರಲಿಲ್ಲ ಅನ್ನುವುದು ನಿಜ. ಕರಿಯ, ಕೆಂಪ, ಚೋಮ ಅಂತ ಏಕವಚನದಲ್ಲಿ ಕರೆಸಿಕೊಂಡವರ ಮನೆಯಲ್ಲಿ ಮಗುವಿಗೆ ಸಿದ್ಧಾರ್ಥ, ಗೌತಮ, ಪ್ರಕಾಶ ಅಂತ ಹೆಸರಿಟ್ಟದ್ದು ಫ್ಯಾಷನ್ ಅಲ್ಲ, ತಲೆ ಎತ್ತಿ ನಡೆಯುವ ದಾರಿ. ಹಳೆಯ ಹೆಸರುಗಳು ಹೋದವಲ್ಲ ಅಂತ ಬೇಸರಪಡುವ ನನ್ನಂಥವರು ಇದನ್ನು ಮರೆಯಬಾರದು. ಹೆಸರು ನೋಡಿ ಜಾತಿ ಹೇಳುವುದು ಕಷ್ಟವಾದದ್ದು ಒಳ್ಳೆಯದೇ ಆಯಿತು.

ದೋಹಾದಲ್ಲಿ ಕರಾವಳಿಯವರು ಬಹಳ. ಅವರ ಹೆಸರುಗಳಲ್ಲೂ ಇದೇ ಕಥೆ ಬೇರೆ ರೂಪದಲ್ಲಿದೆ. ಬ್ಯಾರಿ ಹಿರಿಯರ ಹೆಸರುಗಳಲ್ಲಿ ಅಬ್ಬ ಬರುತ್ತದೆ: ಇದಿನಬ್ಬ, ಹಸನಬ್ಬ. ಕಿತ್ತಳೆ ಮಾರಿದ ದುಡ್ಡಿನಲ್ಲಿ ಊರಿಗೆ ಶಾಲೆ ತಂದು ಪದ್ಮಶ್ರೀ ಪಡೆದ ಹರೇಕಳ ಹಾಜಬ್ಬ ಅವರನ್ನು ನೀವು ಕೇಳಿರುತ್ತೀರಿ. ಅಪ್ಪ ಇದ್ದ ಜಾಗದಲ್ಲಿ ಅಬ್ಬ, ಅಷ್ಟೆ. ಈಗ ಅವರ ಮೊಮ್ಮಕ್ಕಳ ತಲೆಮಾರಿನಲ್ಲಿ ರಯಾನ್, ಝಾರಾ ಹೆಚ್ಚು ಕೇಳುತ್ತವೆ. ಮಂಗಳೂರಿನ ಕ್ರೈಸ್ತರಲ್ಲಿ ಅಜ್ಜ ಚರ್ಚಿನ ದಾಖಲೆಯಲ್ಲಿ ಪೀಟರ್, ಮನೆಯಲ್ಲಿ ಪೆದ್ರು. ಮೊಮ್ಮಗ ಎಲ್ಲ ಕಡೆಯೂ ಒಂದೇ ಹೆಸರಿನವನು.

ಇನ್ನು ಸಿನಿಮಾ. ಗಾಜನೂರಿನ ಪುಟ್ಟಸ್ವಾಮಯ್ಯನವರು ಮಗನಿಗೆ ಮುತ್ತತ್ತಿರಾಯನ ಹೆಸರಿನಿಂದ ಮುತ್ತುರಾಜು ಅಂತ ಇಟ್ಟರು. 1954ರ 'ಬೇಡರ ಕಣ್ಣಪ್ಪ'ದಿಂದ ಅವರು ರಾಜ್‌ಕುಮಾರ್ ಆದರು. ಮುಂದೆ ಆ ತೆರೆಯ ಹೆಸರೇ ಮಕ್ಕಳಿಗೆ ಮನೆತನದ ಹೆಸರಾಯಿತು: ಶಿವ ರಾಜ್‌ಕುಮಾರ್, ರಾಘವೇಂದ್ರ ರಾಜ್‌ಕುಮಾರ್, ಪುನೀತ್ ರಾಜ್‌ಕುಮಾರ್. ಮಂಡ್ಯದ ಹುಚ್ಚೇಗೌಡರ ಮಗ ಅಮರನಾಥ್, ನಮಗೆ ಅಂಬರೀಷ್; ಅವರ ಮಗ ಅಭಿಷೇಕ್. ಹುಚ್ಚೇಗೌಡ, ಅಮರನಾಥ್, ಅಭಿಷೇಕ್. ನೂರು ವರ್ಷದ ಬದಲಾವಣೆ ಮೂರೇ ಪದದಲ್ಲಿದೆ. ಹಾಗೇ ಒಂದು ಸಣ್ಣ ವ್ಯಾಕರಣವನ್ನೂ ಗಮನಿಸಿ. ಕನ್ನಡದ ಪದಗಳು ಸ್ವರದಲ್ಲಿ ಮುಗಿಯುತ್ತವೆ. ಅಮರನಾಥ, ರಮೇಶ, ಪುನೀತ ಅನ್ನುವುದು ಸಹಜ. ಇಂಗ್ಲಿಷ್, ಹಿಂದಿಯ ಪ್ರಭಾವದಿಂದ ಕೊನೆಯ ಅ ಉದುರಿ ಅಮರನಾಥ್, ರಮೇಶ್ ಆಯಿತು. ಈಗ ಆರವ್, ವಿಹಾನ್ ಹುಟ್ಟುವಾಗಲೇ ಅರ್ಧಾಕ್ಷರದಲ್ಲಿ ಹುಟ್ಟುತ್ತವೆ.

ಕೊನೆಗೆ ನಿಮ್ಮ ಹೆಸರುಗಳು. ನಿಮ್ಮ ಅಪ್ಪ ಅಮ್ಮ ಹೇಗೆ ಆರಿಸಿದರು ಗೊತ್ತೇ? ನಕ್ಷತ್ರ ನೋಡುವ ಮನೆಗಳಲ್ಲಿ ಇಪ್ಪತ್ತೇಳು ನಕ್ಷತ್ರಕ್ಕೆ ನಾಲ್ಕು ನಾಲ್ಕರಂತೆ 108 ಅಕ್ಷರಗಳು. ರೋಹಿಣಿಯಾದರೆ ಓ, ವಾ, ವೀ, ವೂ. ಆ ಅಕ್ಷರಕ್ಕೆ ಹೊಂದಬೇಕು, ಎರಡು ಮೂರು ಅಕ್ಷರದ್ದಾಗಬೇಕು, ಅರ್ಥ ಚೆನ್ನಾಗಿರಬೇಕು, ಇಂಗ್ಲಿಷ್ ಟೀಚರ್ ನಾಲಿಗೆ ತಿರುಗಬೇಕು, ಮತ್ತೆ ಯಾರ ಮನೆಯಲ್ಲೂ ಇರಬಾರದು. ಅರಬ್ಬಿ ಲಿಪಿಯಲ್ಲಿ ಪ ಅಕ್ಷರ ಇಲ್ಲ, ಆದ್ದರಿಂದ ಕತಾರಿನ ಗುರುತಿನ ಚೀಟಿಯಲ್ಲಿ ದೀಪಾ ದೀಬಾ ಆಗುತ್ತಾಳೆ, ಅದನ್ನೂ ಯೋಚಿಸುವವರಿದ್ದಾರೆ. ಎರಡೂ ಕಡೆ ಸಲ್ಲುವ ಹೆಸರು ಹುಡುಕುವವರಿದ್ದಾರೆ. ಸಮೀರ ನಮ್ಮಲ್ಲಿ ಗಾಳಿ, ಅರಬ್ಬಿಯಲ್ಲಿ ಸಂಜೆಯ ಮಾತಿಗೆ ಜೊತೆಯಾಗುವವನು. ಇಷ್ಟೆಲ್ಲ ಷರತ್ತು ಹಾಕಿ, ಎಲ್ಲರೂ ಅವೇ ವೆಬ್‌ಸೈಟ್ ನೋಡಿ ಆರಿಸಿದರೆ ಏನಾಗುತ್ತದೆ? ಎಲ್ಲರೂ ಬೇರೆ ಬೇರೆ ಹೊರಟು ಒಂದೇ ಜಾಗಕ್ಕೆ ಬಂದು ಸೇರುತ್ತಾರೆ. ಅನನ್ಯಾ ಅಂದರೆ ತನ್ನಂಥ ಇನ್ನೊಬ್ಬಳು ಇಲ್ಲದವಳು. ಆ ಹೆಸರಿನವರು ಒಂದೇ ಕ್ಲಾಸಿನಲ್ಲಿ ಮೂವರಿದ್ದರೆ ಟೀಚರ್ ಮತ್ತೆ ಅನನ್ಯಾ ಎಂ., ಅನನ್ಯಾ ಕೆ. ಅಂತಲೇ ಕರೆಯಬೇಕು. ಮುತ್ತಜ್ಜನ ಊರಿನ ಪದ್ಧತಿಗೇ ಬಂದ ಹಾಗಾಯಿತು.

ಇದರಿಂದ ಬೇಸರಪಡಬೇಕಾಗಿಲ್ಲ. ಹೆಸರೊಂದೇ ನಮ್ಮನ್ನು ಬೇರೆಯಾಗಿ ತೋರಿಸುತ್ತದೆ ಅನ್ನುವ ಹೊರೆಯನ್ನು ಹಿರಿಯರು ಮಗುವಿನ ತೊಟ್ಟಿಲಲ್ಲಿ ಇಡಲಿಲ್ಲ. ನಿಮ್ಮ ಹೆಸರು ಸಾಮಾನ್ಯವಾಗಿದ್ದರೆ ನಿಮ್ಮ ತಲೆಮಾರಿನ ಜೊತೆ ಇದ್ದೀರಿ ಅಂತ ಅರ್ಥ. ಸಾಲುಮರದಂಥ ಪದವನ್ನು ಅದರ ಮುಂದೆ ಸೇರಿಸಿಕೊಳ್ಳುವುದಕ್ಕೆ ಜೀವನ ಪೂರ್ತಿ ಇದೆ.

ನನಗೆ ಆತಂಕ ಇರುವುದು ಇನ್ನೊಂದರ ಬಗ್ಗೆ. ಹೆಸರುಗಳು ಮರಳಿ ಬರುತ್ತವೆ. ಅಮೆರಿಕದ ಅದೇ ಪಟ್ಟಿಯಲ್ಲಿ 1880ರಲ್ಲಿ ಮೂರನೆಯದಾಗಿದ್ದ ಎಮ್ಮಾ, ನಡುವೆ ತುಂಬ ಕೆಳಗಿಳಿದು, 2014ರಿಂದ 2018ರವರೆಗೆ ಮೊದಲ ಸ್ಥಾನಕ್ಕೆ ಬಂತು. ನಮ್ಮಲ್ಲೂ ಗೌರಿ, ಜಾನಕಿ, ಕೃಷ್ಣ ಮತ್ತೆ ಕೇಳುತ್ತಿವೆ. ಆದರೆ ನಿಂಗವ್ವ, ತಿಮ್ಮಕ್ಕ, ಪುಟ್ಟಪ್ಪ ಮರಳುತ್ತಿಲ್ಲ. ಮರಳದಿದ್ದರೂ ಪರವಾಗಿಲ್ಲ, ನೆನಪಾದರೂ ಇರಬೇಕು. ನಮ್ಮ ತರಗತಿಯ ಆ ನಾಲ್ಕು ಸಾಲಿನಲ್ಲಿ ಮೇಲಿನ ಸಾಲು ಹಲವು ಮಕ್ಕಳ ಹಾಳೆಯಲ್ಲಿ ಖಾಲಿ ಇತ್ತು. ಮುತ್ತಜ್ಜಿಯರ ಹೆಸರಂತೂ ಇನ್ನೂ ಖಾಲಿ, ಯಾಕೆಂದರೆ ಇನಿಷಿಯಲ್ಲಿನಲ್ಲಿ ಅಪ್ಪಂದಿರಿಗೆ ಮಾತ್ರ ಜಾಗ.

ಆದ್ದರಿಂದ ಈ ವಾರ ಊರಿಗೆ ಫೋನ್ ಮಾಡಿದಾಗ ಅಜ್ಜಿಗೆ ಮೂರು ಪ್ರಶ್ನೆ ಕೇಳಿ. ನಿಮ್ಮ ಅಮ್ಮನ ಹೆಸರೇನು? ಅದು ಯಾರ ಹೆಸರು, ದೇವರದ್ದಾ, ಅಜ್ಜಿಯದ್ದಾ? ಮನೆಯಲ್ಲಿ ಎಲ್ಲರೂ ಅವರನ್ನು ಏನಂತ ಕರೀತಿದ್ದರು? ಉತ್ತರವನ್ನು ಕನ್ನಡದಲ್ಲೇ ಬರೆದಿಡಿ, ಅವ್ವ ಅಕ್ಕ ಅಪ್ಪ ಎಲ್ಲ ಬಿಡದೆ. ಅಮ್ಮಂದಿರ ಕಡೆಯ ಹೆಸರನ್ನೂ ಸೇರಿಸಿ. ಅಪ್ಪ ಅಮ್ಮನಿಗೆ ಉತ್ತರ ಗೊತ್ತಿಲ್ಲದಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಬಂದ ಹೆಸರುಗಳನ್ನು ನಮ್ಮ ರೇಡಿಯೋಗೆ ಕಳಿಸಿದರೆ ಮುಂದಿನ ಮಾತಿನಲ್ಲಿ ಅವುಗಳ ಅರ್ಥ ಬಿಡಿಸೋಣ.